ಗಾಜಿನ ತೊಟ್ಟಿಗೆ ಎಂಥ ನೀರು?

ಕಳೆದ ಸಂಚಿಕೆಯಲ್ಲಿ ಡಿಸ್ಕಸ್ ಮೀನಿನ ಸಾಕಣೆಯ ಬಗ್ಗೆ ಬರೆದಾಗ ನೀರಿನ ವಿಷಯವನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೆ. ಅದು ಏನೇನೂ ಸಾಲದೆಂದು ಬಂದಿರುವ ಪತ್ರಗಳೇ ಹೇಳುತ್ತಿವೆ. ಮೈಸೂರು, ಮಂಡ್ಯ, ಪಾಂಡವಪುರ, ಎಲ್ಲಿಂದ ಬರೆದವರೂ ಕೇಳಿರುವುದು ನೀರಿನ ಬಗ್ಗೆಯೇ. ಆಹಾರ, ರೋಗ, ದೀಪಗಳ ಪ್ರಶ್ನೆಗಳು ಮುಂದಿನ ತಿಂಗಳವರೆಗೆ ಕಾಯಲಿ. ಈ ಬಾರಿ ನೀರಿಗಷ್ಟೇ ಉತ್ತರ.

ಮನೆಯಲ್ಲಿ ಕುಡಿಯುವ ನೀರಿಗೆಂದು ಆರ್‌ಒ ಯಂತ್ರವಿದೆ. ಮೀನಿಗೂ ಶುದ್ಧ ನೀರೇ ಒಳ್ಳೆಯದೆಂದುಕೊಂಡು, 12 ಕಾರ್ಡಿನಲ್ ಟೆಟ್ರಾ ಇದ್ದ ತೊಟ್ಟಿಯಿಂದ ಅರ್ಧ ನೀರು ತೆಗೆದು ಆರ್‌ಒ ನೀರು ತುಂಬಿದೆ. ಅದಕ್ಕೂ ಮೊದಲು ಎರಡು ತಿಂಗಳು ನೀರು ಬದಲಿಸಿರಲಿಲ್ಲ, ಆವಿಯಾದಷ್ಟನ್ನು ಮಾತ್ರ ತುಂಬುತ್ತಿದ್ದೆ. ಎರಡು ದಿನಗಳಲ್ಲಿ ಏಳು ಮೀನು ಸತ್ತವು. ಶುದ್ಧ ನೀರಿನಲ್ಲಿ ಮೀನು ಸಾಯುವುದು ಹೇಗೆ ಮೇಡಂ? — ಓದುಗರು, ಕುವೆಂಪುನಗರ, ಮೈಸೂರು

ನಿಮ್ಮ ಪತ್ರ ಓದಿ ಸಂಕಟವಾಯಿತು. ಮೀನಿಗೆ ಒಳ್ಳೆಯದಾಗಲಿ ಎಂದೇ ನೀವು ಹಾಗೆ ಮಾಡಿದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಆರ್‌ಒ ಯಂತ್ರ ನೀರನ್ನು ಮೆಂಬ್ರೇನ್ ಎಂಬ ತೆಳು ಪೊರೆಯ ಮೂಲಕ ಒತ್ತಿ ಸೋಸುತ್ತದೆ. ಅದರಿಂದ ಬರುವುದನ್ನು ನಾನು ಖಾಲಿ ನೀರು ಎಂದು ಕರೆಯುತ್ತೇನೆ. ಕೆಟ್ಟದ್ದರ ಜೊತೆಗೆ ಸುಣ್ಣ (ಕ್ಯಾಲ್ಸಿಯಂ), ಮೆಗ್ನೀಷಿಯಂ, ಬೈಕಾರ್ಬನೇಟ್ ಕೂಡ ಅದರಿಂದ ಹೋಗಿರುತ್ತವೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿದರೆ ಉಬ್ಬುವುದನ್ನು ಶಾಲೆಯಲ್ಲಿ ನೋಡಿದ್ದೇವಲ್ಲ, ಮೀನಿನ ಮೈಯಲ್ಲೂ ದಿನವಿಡೀ ಅದೇ ನಡೆಯುತ್ತಿರುತ್ತದೆ. ಅದರ ರಕ್ತದಲ್ಲಿರುವ ಲವಣ ಹೊರಗಿನ ಸಿಹಿನೀರಿಗಿಂತ ಹೆಚ್ಚು. ಆದ್ದರಿಂದ ಕಿವಿರಿನ ಮೂಲಕ ನೀರು ಒಳಕ್ಕೆ ನುಗ್ಗುತ್ತಲೇ ಇರುತ್ತದೆ. ಮೀನು ಅದನ್ನು ತೆಳ್ಳನೆಯ ಮೂತ್ರವಾಗಿ ಹೊರಹಾಕುತ್ತ, ಅದರೊಡನೆ ಕಳೆದುಹೋಗುವ ಲವಣವನ್ನು ಕಿವಿರಿನಿಂದಲೇ ಮತ್ತೆ ಹೀರಿಕೊಳ್ಳುತ್ತ ಬದುಕುತ್ತದೆ. ಎರಡು ತಿಂಗಳಲ್ಲಿ ನಿಮ್ಮ ತೊಟ್ಟಿಯ ಲವಣ ಏರುತ್ತ ಹೋಗಿತ್ತು, ಏಕೆಂದರೆ ಆವಿಯಾಗಿ ಹೋಗುವುದು ನೀರು ಮಾತ್ರ. ಮೀನು ಆ ಉಪ್ಪುನೀರಿಗೆ ಮೈಯನ್ನು ಒಗ್ಗಿಸಿಕೊಂಡಿತ್ತು. ಅರ್ಧ ಗಂಟೆಯಲ್ಲಿ ಹೊರಗಿನ ಲವಣ ಅರ್ಧಕ್ಕೆ ಇಳಿದಾಗ ಅದರ ಮೈ ಆ ವೇಗಕ್ಕೆ ಹೊಂದಿಕೊಳ್ಳಲಾರದು. ಕಾರ್ಡಿನಲ್ ಟೆಟ್ರಾದ ತವರು ಬ್ರೆಜಿಲ್ ಕಡೆಯ ರಿಯೋ ನೀಗ್ರೋ. ಅಲ್ಲಿನ ನೀರು ಹೆಚ್ಚುಕಡಿಮೆ ಮಳೆನೀರಿನಷ್ಟೇ ಖಾಲಿ ಎಂಬುದು ನಿಜ. ಆದರೆ ನಿಮ್ಮ ತೊಟ್ಟಿಯ ಮೀನು ನಿನ್ನೆಯವರೆಗೆ ಯಾವ ನೀರಿನಲ್ಲಿತ್ತು ಎಂಬುದು ಅದರ ತವರಿಗಿಂತ ಮುಖ್ಯ.

ಎರಡನೆಯ ಕಾರಣ ಇನ್ನೂ ಗಂಭೀರವಾದದ್ದು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುವಾಗ ಆಮ್ಲವೂ ಹುಟ್ಟುತ್ತದೆ. ಆ ಆಮ್ಲವನ್ನು ತಡೆದು ನಿಲ್ಲಿಸುವುದು ನೀರಿನಲ್ಲಿರುವ ಬೈಕಾರ್ಬನೇಟ್. ಅದರ ಅಳತೆಗೆ ಕಾರ್ಬನೇಟ್ ಗಡಸುತನ, ಚಿಕ್ಕದಾಗಿ ಕೆಎಚ್ ಎನ್ನುತ್ತಾರೆ. ಎರಡು ತಿಂಗಳಲ್ಲಿ ಅದು ಸವೆದಿತ್ತು. ಉಳಿದದ್ದನ್ನು ಆರ್‌ಒ ನೀರು ಅರ್ಧ ಮಾಡಿತು. ಅಂಥ ನೀರಿನಲ್ಲಿ ಪಿಎಚ್, ಅಂದರೆ ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ, ಒಂದೇ ರಾತ್ರಿಯಲ್ಲಿ ಜಾರಿಬಿಡುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಡಿಸ್ಕಸ್ ಸಾಕಲು ತೊಡಗಿದ ಎರಡನೆಯ ವರ್ಷ, ಬೆರಳುಗುರಿನಷ್ಟಿದ್ದ 14 ಮರಿಗಳಿಗೆ ಶುದ್ಧ ಆರ್‌ಒ ನೀರನ್ನೇ ವಾರಗಟ್ಟಲೆ ಕೊಟ್ಟೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮರಿಗಳೆಲ್ಲ ಮೂಲೆಯಲ್ಲಿ ಕಪ್ಪಾಗಿ ಒತ್ತಿಕೊಂಡು ನಿಂತಿದ್ದವು, ಪಿಎಚ್ 4.6 ಇತ್ತು. ಸಂಜೆಯೊಳಗೆ ಒಂಬತ್ತು ಹೋದವು. ಅಂದಿನಿಂದ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ನೀರು ಹಾಕುವ ಮುನ್ನ ಟಿಡಿಎಸ್ (ಲೀಟರಿನಲ್ಲಿ ಕರಗಿರುವ ಲವಣಗಳ ಮಿಲಿಗ್ರಾಂ ಲೆಕ್ಕ), ಕೆಎಚ್, ಪಿಎಚ್, ಉಷ್ಣತೆ ನಾಲ್ಕನ್ನೂ ಅದರಲ್ಲಿ ಬರೆಯದೆ ಒಂದು ಚೊಂಬು ನೀರನ್ನೂ ತೊಟ್ಟಿಗೆ ಸುರಿಯುವುದಿಲ್ಲ.

ಉಳಿದ ಐದು ಮೀನುಗಳಿಗೆ ಈಗ ಮಾಡಬೇಕಾದದ್ದು ಇಷ್ಟು. ಒಂದು ವಾರ ಆಹಾರ ತೀರ ಕಡಿಮೆ ಕೊಡಿ. ದಿನಕ್ಕೆ ತೊಟ್ಟಿಯ ಹತ್ತನೆಯ ಒಂದು ಪಾಲು ನೀರನ್ನಷ್ಟೇ ಬದಲಿಸಿ. ಹಾಕುವುದು ಕ್ಲೋರಿನ್ ತೆಗೆದ ನಲ್ಲಿ ನೀರು ಮತ್ತು ಆರ್‌ಒ ನೀರಿನ ಸಮಪಾಲು ಮಿಶ್ರಣವಾಗಿರಲಿ. ಆಸ್ಪತ್ರೆಯ ಡ್ರಿಪ್ ಸೆಟ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ಹನಿಹನಿಯಾಗಿ ಇಳಿಸಿದರೆ ಮೀನಿಗೆ ಆಘಾತವಾಗುವುದಿಲ್ಲ.

ಇನ್ನೊಂದು ಮಾತು. ಮನೆಯ ಆರ್‌ಒ ಯಂತ್ರದ ನಲ್ಲಿಯಲ್ಲಿ ಬರುವುದು ಬರಿಯ ಮೆಂಬ್ರೇನ್ ನೀರಲ್ಲ. ಕುಡಿಯಲು ರುಚಿಯಿರಲೆಂದು ಟಿಡಿಎಸ್ ಕಂಟ್ರೋಲರ್ ಎಂಬ ಚಿಕ್ಕ ತಿರುಪಿನ ಮೂಲಕ ಸ್ವಲ್ಪ ಹಸಿ (ಸೋಸದ) ನೀರನ್ನು ಅದಕ್ಕೆ ಬೆರೆಸಿರುತ್ತಾರೆ. ಕೆಲವು ಯಂತ್ರಗಳಲ್ಲಿ ಖನಿಜದ ಕಾರ್ಟ್ರಿಜ್ ಕೂಡ ಇರುತ್ತದೆ. ಎಷ್ಟು ಬೆರೆಯುತ್ತಿದೆ ಎಂದು ತಿಳಿಯದೆ ಲೆಕ್ಕ ಹಾಕಬೇಡಿ. ರಿಪೇರಿಯವರು ಬಂದಾಗ ಮೆಂಬ್ರೇನ್ ಆದ ಕೂಡಲೇ ಟಿ ಆಕಾರದ ಒಂದು ಕವಲು ಜೋಡಿಸಿ, ಮೀನಿಗೆಂದು ಬೇರೆ ಕೊಳವೆ ಕೊಡಲು ಹೇಳಿ.

ಮೈಸೂರಿನ ಕಾವೇರಿ ನೀರಿಗೆ ಆರ್‌ಒ ನಿಜವಾಗಿ ಬೇಕೇ? ಒಂದು ಬಕೆಟ್ ಶುದ್ಧ ನೀರಿಗೆ ಮೂರು ಬಕೆಟ್ ಚರಂಡಿಗೆ ಹೋಗುವುದನ್ನು ನೋಡಲಾಗುತ್ತಿಲ್ಲ. — ಓದುಗರು, ವಿಜಯನಗರ 2ನೇ ಹಂತ

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಋಣಿ. ಬಹಳ ಮಂದಿಗೆ ಬೇಕಿಲ್ಲ, ಇದೇ ನನ್ನ ಉತ್ತರ.

ನಮ್ಮ ಮನೆಯ ಕಾವೇರಿ ನಲ್ಲಿಯಲ್ಲಿ ಟಿಡಿಎಸ್ ವರ್ಷದ ಬಹುಪಾಲು 180ರಿಂದ 240ರ ನಡುವೆ ಆಡುತ್ತದೆ. ಮಳೆಗಾಲದಲ್ಲಿ ಇಳಿಯುತ್ತದೆ, ಏಪ್ರಿಲ್‌ನಲ್ಲಿ ಏರುತ್ತದೆ. ಇಂಥ ನೀರಿನಲ್ಲಿ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಡಿಸ್ಕಸ್, ಏಂಜಲ್, ನಿಯಾನ್ ಟೆಟ್ರಾ ಎಲ್ಲವೂ ಚೆನ್ನಾಗಿ ಬದುಕುತ್ತವೆ. ಮರಿ ಮಾಡಿಸುವಾಗ, ಕಾಡಿನಿಂದ ಹಿಡಿದು ತಂದ ಮೀನು ಸಾಕುವಾಗ, ಕ್ರಿಸ್ಟಲ್ ರೆಡ್ ಸೀಗಡಿ ಸಾಕುವಾಗ ಮಾತ್ರ ಖಾಲಿ ನೀರು ಬೇಕಾಗುತ್ತದೆ.

ಕಾವೇರಿ ನೀರಿನಲ್ಲಿ ತೆಗೆಯಲೇಬೇಕಾದದ್ದು ಕ್ಲೋರಿನ್. ನಮ್ಮ ಅಪ್ಪನ ಫೋಟೋ ಸ್ಟುಡಿಯೋ ಅಶೋಕ ರಸ್ತೆಯಲ್ಲಿತ್ತು. ಹತ್ತನೆಯ ವಯಸ್ಸಿನಿಂದ ಅಲ್ಲಿನ ಡಾರ್ಕ್‌ರೂಮಿನಲ್ಲಿ ಹೈಪೋ ತೂಗಿಕೊಡುತ್ತಿದ್ದೆ. ಫಿಲ್ಮಿನಲ್ಲಿ ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸುತ್ತಿದ್ದ ಆ ಹರಳೇ ಇಂದು ಮೀನಿನ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ: ಸೋಡಿಯಂ ಥಯೋಸಲ್ಫೇಟ್. ಒಂದು ಮಿಲಿಗ್ರಾಂ ಕ್ಲೋರಿನ್‌ಗೆ ಸುಮಾರು ಏಳು ಮಿಲಿಗ್ರಾಂ ಹೈಪೋ ಸಾಕು. ನಮ್ಮ ನಲ್ಲಿ ನೀರಿಗೆ 100 ಲೀಟರಿಗೆ 1 ಗ್ರಾಂ ಹಾಕಿದರೆ ಧಾರಾಳವಾಯಿತು. ಅಡುಗೆಮನೆಯ ತಕ್ಕಡಿಯಲ್ಲಿ 1 ಗ್ರಾಂ ತೂಗುವುದು ಕಷ್ಟ. ಆದ್ದರಿಂದ 10 ಗ್ರಾಂ ಹೈಪೋವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಬಣ್ಣದ ಸೀಸೆಯಲ್ಲಿಡಿ. ಹತ್ತು ಲೀಟರ್ ಬಕೆಟ್ಟಿಗೆ ಆ ದ್ರಾವಣ 10 ಮಿಲಿಲೀಟರ್. ಹೈಪೋ ಇಲ್ಲದಿದ್ದರೆ ಅಗಲವಾದ ಬಕೆಟ್ಟಿನಲ್ಲಿ ಗಾಳಿ ಪಂಪ್ ಹಾಕಿ ಒಂದು ದಿನ ಬಿಟ್ಟರೂ ಕ್ಲೋರಿನ್ ಹೋಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯವೆಂದರೆ, ನಮ್ಮ ಬಡಾವಣೆಗಳಲ್ಲಿ ಪೈಪ್ ಒಡೆದ ದಿನ ಮನೆಯ ನೆಲತೊಟ್ಟಿಗೆ (ಸಂಪ್) ಬೋರ್‌ವೆಲ್ ನೀರೋ ಟ್ಯಾಂಕರ್ ನೀರೋ ಬಂದು ಬೀಳುತ್ತದೆ. ಬಣ್ಣ ಅದೇ, ವಾಸನೆ ಅದೇ, ಟಿಡಿಎಸ್ ಮಾತ್ರ 200ರಿಂದ 700ಕ್ಕೆ ಹಾರಿರುತ್ತದೆ. ಆರ್‌ಒ ಯಂತ್ರಕ್ಕೆ ಹಣ ಕೂಡಿಸುವ ಮೊದಲು ಪೆನ್ನಿನಷ್ಟು ದಪ್ಪದ ಟಿಡಿಎಸ್ ಮೀಟರ್ ಒಂದನ್ನು ಕೊಂಡುಕೊಳ್ಳಿ. ನೀರು ಬದಲಿಸುವ ದಿನ ಅದನ್ನು ನಲ್ಲಿಯ ಕೆಳಗೆ ಹಿಡಿಯದೆ ಮುಂದುವರಿಯಬೇಡಿ. ಕ್ಲೋರಿನ್, ಅಮೋನಿಯಾ, ತಾಮ್ರ ಇದಾವುದನ್ನೂ ಆ ಮೀಟರ್ ಹೇಳುವುದಿಲ್ಲ ಎಂಬುದು ಮಾತ್ರ ನೆನಪಿರಲಿ.

ಆರ್‌ಒ ಇಟ್ಟುಕೊಳ್ಳಲೇಬೇಕಾದವರು ಹೊರಹೋಗುವ ನೀರಿಗೆ ಒಂದು ಡ್ರಮ್ ಇಡಿ. ನಮ್ಮಲ್ಲಿ ಅದು ನೆಲ ಒರೆಸಲು, ಶೌಚಾಲಯಕ್ಕೆ, ಗಾಡಿ ತೊಳೆಯಲು ಹೋಗುತ್ತದೆ. ಕಾವೇರಿ ಮೂಲದ್ದಾದರೆ ಹಿತ್ತಲ ತೆಂಗಿಗೂ ಹಾಕುತ್ತೇನೆ. ಗಡಸು ಬೋರ್‌ವೆಲ್‌ನಿಂದ ಹೊರಬಿದ್ದದ್ದನ್ನು ಕುಂಡದ ಗಿಡಗಳಿಗೆ ಹಾಕಬೇಡಿ, ಮಣ್ಣಿನಲ್ಲಿ ಲವಣ ಕೂಡುತ್ತದೆ.

ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ 820. ಉಪ್ಪು ಹಾಕುವ ಸಾಫ್ಟ್‌ನರ್ ಹಾಕಿಸಿದ್ದೇವೆ, ಈಗ ಸೋಪು ಚೆನ್ನಾಗಿ ನೊರೆ ಬರುತ್ತದೆ. ಆ ಮೆದು ನೀರಿನಲ್ಲಿ ಡಿಸ್ಕಸ್ ಜೋಡಿ ಇದೆ. ನಾಲ್ಕು ಬಾರಿ ಮೊಟ್ಟೆ ಇಟ್ಟವು, ನಾಲ್ಕು ಬಾರಿಯೂ ಮೊಟ್ಟೆ ಬೆಳ್ಳಗಾಗಿ ಹಾಳಾದವು. — ಓದುಗರು, ವಿದ್ಯಾನಗರ, ಮಂಡ್ಯ

ಸೋಪಿಗೆ ಮೆದುವಾದ ನೀರು ಮೀನಿಗೆ ಮೆದುವಲ್ಲ. ಸಾಫ್ಟ್‌ನರ್ ಒಳಗಿನ ರಾಳದ ಮಣಿಗಳು ಸುಣ್ಣ ಮತ್ತು ಮೆಗ್ನೀಷಿಯಂ ಅನ್ನು ಹಿಡಿದುಕೊಂಡು ಅದರ ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತವೆ. ನೀವು ಡಬ್ಬಕ್ಕೆ ಸುರಿಯುವ ಉಪ್ಪಿನ ಸೋಡಿಯಂ ಅದು. ಒಟ್ಟು ಲವಣದ ಹೊರೆ ಇದ್ದಷ್ಟೇ ಇರುತ್ತದೆ. ಯಂತ್ರದ ಮುಂಚಿನ ನೀರನ್ನೂ ಅನಂತರದ ನೀರನ್ನೂ ಮೀಟರಿನಲ್ಲಿ ಹಿಡಿದು ನೋಡಿ, ಎರಡೂ 800ರ ಆಸುಪಾಸಿನಲ್ಲೇ ಇರುತ್ತವೆ. ಮೊಟ್ಟೆ ಹಾಳಾಗುವುದಕ್ಕೆ ನನ್ನ ಮೊದಲ ಅನುಮಾನ ಈ ಲವಣದ ಮೇಲೆಯೇ.

ಆದರೆ ಹಾಕಿಸಿದ ಸಾಫ್ಟ್‌ನರ್ ವ್ಯರ್ಥವಾಗಿಲ್ಲ. ಅದರ ನೀರನ್ನೇ ಆರ್‌ಒ ಯಂತ್ರಕ್ಕೆ ಕೊಡಿ. ಗಡಸು ನೀರು ನೇರವಾಗಿ ಹೋದರೆ ಮೆಂಬ್ರೇನ್ ಮೇಲೆ ಸುಣ್ಣದ ಪರೆ ಕಟ್ಟಿ ಅದು ಬೇಗ ಹಾಳಾಗುತ್ತದೆ. ಸಾಫ್ಟ್‌ನರ್ ದಾಟಿ ಬಂದ ನೀರಿನಲ್ಲಿ ಪರೆ ಕಟ್ಟಲು ಸುಣ್ಣವೇ ಇರುವುದಿಲ್ಲ, ಸೋಡಿಯಂ ಅನ್ನು ಮೆಂಬ್ರೇನ್ ತಡೆಯುತ್ತದೆ. ಒಳ್ಳೆಯ ಮೆಂಬ್ರೇನ್ ಆದರೆ 820 ಇದ್ದದ್ದು 40ರಿಂದ 60ಕ್ಕೆ ಇಳಿಯಬೇಕು. ನೂರರ ಮೇಲೆ ನಿಂತರೆ ಮೆಂಬ್ರೇನ್ ಬದಲಿಸುವ ಕಾಲ ಬಂದಿದೆ. ರಾತ್ರಿಯೆಲ್ಲ ನಿಂತ ಯಂತ್ರದಿಂದ ಬೆಳಿಗ್ಗೆ ಬರುವ ಮೊದಲ ಒಂದೆರಡು ಲೀಟರಿನಲ್ಲಿ ಲವಣ ಹೆಚ್ಚಿರುತ್ತದೆ, ಅದನ್ನು ಪಾತ್ರೆ ತೊಳೆಯಲು ಬಿಡಿ.

ಈಗ ಈ ಖಾಲಿ ನೀರಿಗೆ ಪ್ರಾಣ ತುಂಬಬೇಕು. ನಿಮ್ಮ ಹಸಿ ಬೋರ್‌ವೆಲ್ ನೀರನ್ನೇ ಸ್ವಲ್ಪ ಬೆರೆಸಬಹುದಲ್ಲ ಎನಿಸೀತು. ನಾಲೆ ಬಯಲಿನ ಗದ್ದೆ, ಕಬ್ಬಿನ ತೋಟಗಳ ನಡುವಿನ ಬೋರ್‌ವೆಲ್‌ಗಳಲ್ಲಿ ಗೊಬ್ಬರದ ನೈಟ್ರೇಟ್ ಸೇರಿರುವ ಸಾಧ್ಯತೆ ಇರುವುದರಿಂದ, ಪರೀಕ್ಷೆ ಮಾಡಿಸದೆ ಅದನ್ನು ಬೆರೆಸಬೇಡಿ ಎನ್ನುತ್ತೇನೆ. ನಮ್ಮ ದೇಶದಲ್ಲಿ ಕುಡಿಯುವ ನೀರಿಗಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. ನಾನು ಲವಣಗಳನ್ನು ತೂಗಿಯೇ ಹಾಕುತ್ತೇನೆ. 100 ಲೀಟರ್ ಖಾಲಿ ನೀರಿಗೆ 8 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್, 4.5 ಗ್ರಾಂ ಎಪ್ಸಂ ಉಪ್ಪು (ಮೆಗ್ನೀಷಿಯಂ ಸಲ್ಫೇಟ್), 6 ಗ್ರಾಂ ಅಡುಗೆ ಸೋಡಾ. ಇದರಿಂದ ಒಟ್ಟು ಗಡಸುತನ, ಅಂದರೆ ಸುಣ್ಣ ಮತ್ತು ಮೆಗ್ನೀಷಿಯಂ ಎರಡರ ಅಳತೆ, ಸುಮಾರು 4 ಡಿಗ್ರಿ, ಕೆಎಚ್ ಸುಮಾರು 2 ಡಿಗ್ರಿ ಬರುತ್ತದೆ. ಮೀಟರ್ 150ರಿಂದ 200ರ ಒಳಗೆ ತೋರಿಸುತ್ತದೆ. ದೊಡ್ಡ ಡಿಸ್ಕಸ್‌ಗಳಿಗೆ ದಿನನಿತ್ಯಕ್ಕೆ ಇದೇ ನೀರು. ಮೊಟ್ಟೆಯ ಕಾಲಕ್ಕೆ ಮೂರನ್ನೂ ಮೂರನೆಯ ಒಂದು ಪಾಲಿಗೆ ಇಳಿಸುತ್ತೇನೆ, ಆಗ ಮೀಟರ್ 80–90ಕ್ಕೆ ಬರುತ್ತದೆ. ಆದರೆ ಜೋಡಿಯನ್ನು ಒಂದೇ ದಿನ ಆ ನೀರಿಗೆ ಬಿಡದೆ, ಎರಡು ವಾರ ಹಿಡಿದು ಮೆಲ್ಲಗೆ ಇಳಿಸಬೇಕು. ಕೆಎಚ್ ಅಷ್ಟು ಕಡಿಮೆಯಿದ್ದಾಗ ಪಿಎಚ್ ಅನ್ನು ಪ್ರತಿದಿನ ನೋಡಲೇಬೇಕು.

ತೂಗುವಾಗ ಎಚ್ಚರಿಕೆಯಿರಲಿ. ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವ ಕುಡಿದು ಅಂಟಾಗುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದಲೇ ತನ್ನಿ. ಮೂರನ್ನೂ ಬೇರೆ ಬೇರೆ ಮಗ್ಗಿನಲ್ಲಿ ಕರಗಿಸಿ ಒಂದೊಂದಾಗಿ ಡ್ರಮ್ಮಿಗೆ ಸುರಿಯಿರಿ. ಒಂದೇ ಮಗ್ಗಿನಲ್ಲಿ ಗಟ್ಟಿಯಾಗಿ ಕಲಸಿದರೆ ಸುಣ್ಣ ಬೆಳ್ಳಗೆ ತಳಕ್ಕಿಳಿಯುತ್ತದೆ. ಅಡುಗೆ ಸೋಡಾ ಎಂದರೆ ಸೋಡಾ ಮಾತ್ರ, ಕೇಕಿಗೆ ಹಾಕುವ ಬೇಕಿಂಗ್ ಪೌಡರ್ ಅಲ್ಲ. ಬೆರೆಸಿದ ಮೇಲೆ 24 ಗಂಟೆ ಗಾಳಿ ಪಂಪ್ ಓಡಿಸಿ, ಆಮೇಲೆ ಪಿಎಚ್ ನೋಡಿ. ಮೆಂಬ್ರೇನ್‌ನಿಂದ ಆಗತಾನೆ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುವುದರಿಂದ ಆಗ ಕಾಣುವ ಪಿಎಚ್ ನಂಬಲರ್ಹವಲ್ಲ.

ಇಷ್ಟಾದ ಮೇಲೂ ಮೊಟ್ಟೆ ಬಿಳಿಯಾದರೆ ನಿಮ್ಮ ಜೋಡಿಯಲ್ಲಿ ಗಂಡು ಇದೆಯೇ ಎಂದು ನೋಡಬೇಕಾಗುತ್ತದೆ. ಎರಡು ಹೆಣ್ಣು ಡಿಸ್ಕಸ್ ಜೋಡಿಯಾಗಿ ಕುಳಿತು ಸರದಿಯಂತೆ ಮೊಟ್ಟೆಯಿಡುವುದನ್ನು ನಾನು ನನ್ನ ತೊಟ್ಟಿಯಲ್ಲೇ ಕಂಡಿದ್ದೇನೆ.

ಬೋರ್‌ವೆಲ್ ನೀರಿಗೆ ಪಟಿಕ ಹಾಕಿದರೆ, ಅಥವಾ ಕುದಿಸಿದರೆ ಗಡಸುತನ ಹೋಗುವುದಿಲ್ಲವೇ? — ಓದುಗರು, ಮದ್ದೂರು

ಪಟಿಕದಿಂದ ರಾಡಿ ತಳಕ್ಕಿಳಿಯುತ್ತದೆ, ಗಡಸುತನ ಇಳಿಯುವುದಿಲ್ಲ. ಅದು ಕೆಎಚ್ ಅನ್ನು ತಿಂದು ನೀರನ್ನು ಆಮ್ಲೀಯವಾಗಿಸುತ್ತದೆ, ಆದ್ದರಿಂದ ಮೀನಿನ ನೀರಿಗೆ ಬೇಡ. ಕುದಿಸಿದರೆ ಬೈಕಾರ್ಬನೇಟಿನೊಡನೆ ಕೂಡಿದ ಸುಣ್ಣ ಮಾತ್ರ ಹೋಗುತ್ತದೆ. ನಿಮ್ಮ ಬಚ್ಚಲ ಹಂಡೆಯ ಒಳಗೆ ಕಟ್ಟಿದ ಬಿಳಿ ಪರೆ ಅದೇ. ಸಲ್ಫೇಟ್, ಕ್ಲೋರೈಡ್ ರೂಪದ ಲವಣಗಳು ಎಷ್ಟು ಕುದಿಸಿದರೂ ಹೋಗವು. ಕುದಿದ ನೀರಿನಲ್ಲಿ ಆಮ್ಲಜನಕವೂ ಉಳಿದಿರುವುದಿಲ್ಲ. ಒಂದು ತೊಟ್ಟಿಗೆ ಬೇಕಾಗುವಷ್ಟು ನೀರಿಗೆ ಖರ್ಚಾಗುವ ಸೌದೆ, ಗ್ಯಾಸ್ ನೆನೆದರೆ ಈ ದಾರಿ ಬೇಡ.

ನನಗೆ 74 ವರ್ಷ. ಮೊಮ್ಮಗಳು ಕೊಟ್ಟ ಪುಟ್ಟ ಕೆಂಪು ಸೀಗಡಿಗಳನ್ನು ಸಾಕುತ್ತಿದ್ದೇನೆ. ಮಳೆನೀರು ಹಿಡಿದು ನಮ್ಮ ಹಳೆಯ ತಾಮ್ರದ ಹಂಡೆಯಲ್ಲಿ ತುಂಬಿಟ್ಟಿದ್ದೇನೆ. ತಾಮ್ರದಲ್ಲಿಟ್ಟ ನೀರು ಆರೋಗ್ಯಕ್ಕೆ ಒಳ್ಳೆಯದಲ್ಲವೇ? — ಹಿರಿಯ ಓದುಗರು, ಲಕ್ಷ್ಮೀಪುರಂ, ಮೈಸೂರು

ಹಿರಿಯರಿಗೆ ನಮಸ್ಕಾರ. ದಯವಿಟ್ಟು ಆ ಹಂಡೆಯ ಒಂದು ಲೋಟ ನೀರನ್ನೂ ಸೀಗಡಿಯ ತೊಟ್ಟಿಗೆ ಹಾಕಬೇಡಿ. ಈ ಸಂಚಿಕೆ ನಿಮ್ಮ ಕೈ ಸೇರುವ ಮೊದಲು ಹಾಕದಿದ್ದರೆ ಸಾಕು ಎಂದು ಹಾರೈಸುತ್ತಿದ್ದೇನೆ.

ಮನುಷ್ಯರಿಗೆ ಏನೂ ಮಾಡದಷ್ಟು ತಾಮ್ರ ಸೀಗಡಿಗೆ ವಿಷ. ತೊಟ್ಟಿಯಲ್ಲಿ ಬಸವನಹುಳು ಹೆಚ್ಚಾದಾಗ ಕೊಲ್ಲಲು ಬಳಸುವ ಔಷಧಿಯಲ್ಲಿ ಇರುವುದೂ ಅದೇ ತಾಮ್ರ. ಗಡಸು ನೀರಿನಲ್ಲಿ ಸುಣ್ಣ ಮತ್ತು ಬೈಕಾರ್ಬನೇಟ್ ಸ್ವಲ್ಪ ಕಾಪಾಡುತ್ತವೆ. ಮಳೆನೀರಿನಲ್ಲಿ ಆ ಕಾವಲೂ ಇಲ್ಲ. ಜೊತೆಗೆ ಮಳೆನೀರು ತುಸು ಆಮ್ಲೀಯ, ಲೋಹವನ್ನು ಬೇಗ ಕರಗಿಸಿಕೊಳ್ಳುತ್ತದೆ. ಹಿತ್ತಾಳೆ ಕೊಳಗದಲ್ಲೂ ತಾಮ್ರ, ಸತು ಎರಡೂ ಇರುತ್ತವೆ. ಸತು ಲೇಪಿಸಿದ ತಗಡಿನ ಚಾವಣಿಯಿಂದ ಇಳಿದ ನೀರೂ ಬೇಡ. ಆಹಾರ ತುಂಬಲು ಮಾಡಿದ ಪ್ಲಾಸ್ಟಿಕ್ ಡ್ರಮ್ ಅಥವಾ ಸ್ಟೀಲ್ ಪಾತ್ರೆ ಆಗಬಹುದು.

ಮಳೆನೀರನ್ನು ಮಾತ್ರ ಕೈಬಿಡಬೇಡಿ, ನಮ್ಮ ಊರಿಗೆ ಪುಕ್ಕಟೆಯಾಗಿ ಬರುವ ಮೆದು ನೀರು ಅದು. ಭರಣಿ, ಕೃತ್ತಿಕೆಯ ಗುಡುಗಿನ ಮಳೆ ಧೂಳನ್ನು ತೊಳೆದುಕೊಂಡು ಬರುತ್ತದೆ, ಅದನ್ನು ಹರಿದು ಹೋಗಲು ಬಿಡುತ್ತೇನೆ. ಮಳೆ ಹಿಡಿದು ಎರಡು ಮೂರು ದಿನವಾದ ಮೇಲೆ, ಸುರಿಯಲು ತೊಡಗಿ ಅರ್ಧ ಗಂಟೆ ಕಳೆದ ಬಳಿಕ ಹಿಡಿದ ನೀರು ಚೆನ್ನ. ಸಿಮೆಂಟಿನ ತಾರಸಿಯ ಮೇಲೆ ಬಿದ್ದ ನೀರಿಗೆ ಸುಣ್ಣ ಇಳಿಯುವುದರಿಂದ, ನಾನು ಹೊಸ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಕಂಬಕ್ಕೆ ಕಟ್ಟಿ ನಡುವೆ ತೂತು ಮಾಡಿ ಹಿಡಿಯುತ್ತೇನೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಹಾಳೆಗೆ 10 ಮಿಲಿಮೀಟರ್ ಮಳೆ ಬಿದ್ದರೆ 90 ಲೀಟರಿನಷ್ಟು ಸಿಗುತ್ತದೆ. ದೀಪಾವಳಿಯ ಪಟಾಕಿಯ ದಿನಗಳಲ್ಲಿ ಮಳೆ ಬಂದರೆ ಹಿಡಿಯುವುದಿಲ್ಲ. ಹಿಡಿದ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಮೇಲೆ ಹೇಳಿದ ಲವಣಗಳಲ್ಲಿ ಮೊದಲಿನ ಎರಡನ್ನು ಬೆರೆಸಿ. ನಿಮ್ಮ ಸೀಗಡಿ ಯಾವ ಜಾತಿಯದೆಂದು ಮೊಮ್ಮಗಳನ್ನು ಕೇಳಿ ತಿಳಿಸಿ. ಚೆರ್ರಿ ಸೀಗಡಿಯಾದರೆ ಕಾವೇರಿ ನೀರಿಗೆ ಹೈಪೋ ಹಾಕಿದರೂ ಸಾಕು. ಕ್ರಿಸ್ಟಲ್ ರೆಡ್ ಆದರೆ ಸೋಡಾ ಹಾಕಲೇಬೇಡಿ, ಅದಕ್ಕೆ ಕೆಎಚ್ ಸೊನ್ನೆಯಿಂದ ಒಂದರ ಒಳಗಿರುವ ನೀರೇ ಹಿತ.

ನಾನು ಒಂಬತ್ತನೇ ತರಗತಿ. ಮನೆಯಲ್ಲಿ ಆರ್‌ಒ ಇಲ್ಲ. ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಆ ನೀರಿನ ಟಿಡಿಎಸ್ 60, ನಮ್ಮ ಬಾವಿಯದು 500 ಎಂದು ವಿಜ್ಞಾನದ ಮೇಷ್ಟ್ರು ಅಳೆದು ಹೇಳಿದರು. ಫೈಟರ್ ಮೀನು ಮರಿ ಮಾಡಿಸಲು ಏನು ಮಾಡಲಿ ಮೇಡಂ? — ವಿದ್ಯಾರ್ಥಿ, ಪಾಂಡವಪುರ ತಾಲ್ಲೂಕು

ಅಳೆದ ಮೇಲೆ ಕೇಳಿದ್ದೀಯ, ಬಹಳ ಸಂತೋಷ ಮರಿ. ನಿನ್ನ ಮೇಷ್ಟ್ರಿಗೂ ನನ್ನ ನಮಸ್ಕಾರ ಹೇಳು.

ನಿನಗೆ ಬೇಕಾದ ಶುದ್ಧ ನೀರು ನಿಮ್ಮೂರಿನ ಘಟಕದಲ್ಲೇ ಇದೆ. ಬಾವಿಯ ನೀರು 5 ಲೀಟರ್, ಘಟಕದ ನೀರು 15 ಲೀಟರ್ ಬೆರೆಸು. ಲೆಕ್ಕ ನೋಡು: 5 ಗುಣಿಸು 500 ಅಂದರೆ 2500, 15 ಗುಣಿಸು 60 ಅಂದರೆ 900, ಒಟ್ಟು 3400. ಇದನ್ನು 20ರಿಂದ ಭಾಗಿಸಿದರೆ 170. ಫೈಟರ್ ಮರಿಗಳಿಗೆ ಇದು ಹೇಳಿ ಮಾಡಿಸಿದ ನೀರು. ಮೊದಲು ಆ ಕ್ಯಾನನ್ನು ಸೋಪು ಮುಟ್ಟಿಸದೆ ಬರಿ ನೀರಿನಲ್ಲಿ ಮೂರು ಸಲ ತೊಳೆ. ಘಟಕದವರು ಕ್ಯಾನ್ ತೊಳೆಯಲು ಬ್ಲೀಚಿಂಗ್ ಪೌಡರ್ ಬಳಸಿದ್ದರೆ ಅದರ ಕ್ಲೋರಿನ್ ಉಳಿದಿರಬಹುದು, ಆದ್ದರಿಂದ ಬೆರೆಸಿದ ನೀರನ್ನು ಬಾಯಗಲದ ಬಕೆಟ್ಟಿನಲ್ಲಿ ಒಂದು ದಿನ ನಿಲ್ಲಿಸಿ, ಆಗಾಗ ಕೋಲಿನಿಂದ ಕಲಕು.

ಶಾಲೆಯ ಅಂಗಳದಲ್ಲಿ ಕಾಡುಬಾದಾಮಿ ಮರವಿದ್ದರೆ ತಾನಾಗಿ ಉದುರಿ ಕೆಂಪಗೆ ಒಣಗಿದ ಎಲೆ ಆರಿಸಿಕೋ. ತೊಳೆದು, 20 ಲೀಟರಿಗೆ ಒಂದು ಎಲೆ ಹಾಕು. ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡ. ಬರಿಯ ಬಾವಿನೀರಿಗೆ ಹತ್ತು ಎಲೆ ಹಾಕಿದರೂ ಪಿಎಚ್ ಅಷ್ಟಾಗಿ ಇಳಿಯದು, ಕೆಎಚ್ ಅದನ್ನು ತಡೆಯುತ್ತದೆ. ಬೆರೆಸಿದ ನೀರಿನಲ್ಲಿ ತುಸು ಇಳಿಯುತ್ತದೆ. ಎರಡನ್ನೂ ಎರಡು ಬಾಟಲಿಯಲ್ಲಿ ಮಾಡಿ, ಒಂದು ವಾರ ಅಳೆದು ನನಗೆ ಬರೆದು ತಿಳಿಸು.

ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು ಬಳಸಬಹುದೇ? — ಓದುಗರು, ಹೂಟಗಳ್ಳಿ

ಬೇಡ. ಅದು ಬ್ಯಾಟರಿಗೆಂದು ತಯಾರಾದದ್ದು. ಯಾವ ಪಾತ್ರೆಯಲ್ಲಿ, ಎಷ್ಟು ಹಳೆಯ ರಾಳದಲ್ಲಿ ತಯಾರಾಯಿತೆಂದು ತಿಳಿಯುವ ಬಗೆಯಿಲ್ಲ. ಅದೇ ಕಪಾಟಿನಲ್ಲಿ ಬ್ಯಾಟರಿ ಆಮ್ಲದ ಕ್ಯಾನೂ ಇರುತ್ತದೆ. ಮರಿಗಳಿಗೆ ಆರ್‌ಒಗಿಂತಲೂ ಖಾಲಿ ನೀರು ಬೇಕೆನಿಸಿದರೆ ಮೆಂಬ್ರೇನ್ ಆದ ಮೇಲೆ ಡಿಐ ರಾಳದ, ಅಂದರೆ ಉಳಿದ ಲವಣವನ್ನೂ ಹಿಡಿದುಕೊಳ್ಳುವ ಮಣಿಗಳ, ಒಂದು ಕೊಳವೆ ಜೋಡಿಸಿ. ಬಣ್ಣ ಬದಲಾಗುವ ರಾಳ ಕೊಂಡರೆ ಅದು ತೀರಿದ್ದು ಕಣ್ಣಿಗೇ ಕಾಣುತ್ತದೆ.

ದಸರಾ ರಜೆಗೆ ಹತ್ತು ದಿನ ಊರಿಗೆ ಹೋಗುತ್ತೇವೆ. ತಯಾರಿಸಿದ ನೀರನ್ನು ಮೊದಲೇ ತುಂಬಿಟ್ಟರೆ ಪಕ್ಕದ ಮನೆಯವರು ಬದಲಿಸುತ್ತಾರೆ. ಎಷ್ಟು ದಿನ ಇಡಬಹುದು? — ಓದುಗರು, ಬೋಗಾದಿ, ಮೈಸೂರು

ಮುಚ್ಚಿದ ಡ್ರಮ್ಮಿನಲ್ಲಿ, ಬಿಸಿಲು ಬೀಳದ ಕಡೆ, ಹದಿನೈದು ದಿನಕ್ಕೆ ಏನೂ ಆಗುವುದಿಲ್ಲ. ಅಗ್ಗಕ್ಕೆ ಸಿಗುವ ಹಳೆಯ ನೀಲಿ ಡ್ರಮ್ಮುಗಳಲ್ಲಿ ಮೊದಲು ಏನಿತ್ತೆಂದು ಗೊತ್ತಿಲ್ಲದಿದ್ದರೆ ಕೊಳ್ಳಬೇಡಿ, ಹೊಸದೇ ತನ್ನಿ. ಮುಚ್ಚಳದ ಸಂದಿಗೂ ಗಾಳಿ ಕೊಳವೆಯ ತೂತಿಗೂ ಸೊಳ್ಳೆ ಪರದೆಯ ತುಂಡು ಕಟ್ಟಿ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲೇ.

ಪಕ್ಕದ ಮನೆಯವರ ಕೈಗೆ ಅಳತೆಯ ಕೆಲಸ ಕೊಡಬೇಡಿ. ಒಂದು ಬಾರಿಗೆ ಬೇಕಾದಷ್ಟು ನೀರನ್ನು ಒಂದೊಂದು ಕ್ಯಾನಿಗೆ ತುಂಬಿ, ಮೇಲೆ ತಾರೀಖು ಬರೆದಿಡಿ. ಹತ್ತು ದಿನಕ್ಕೆ ಎರಡೇ ಕ್ಯಾನ್ ಸಾಕು. ಬದಲಿಸುವ ಹಿಂದಿನ ರಾತ್ರಿ ಕ್ಯಾನನ್ನು ತೊಟ್ಟಿಯ ಪಕ್ಕದಲ್ಲೇ ತಂದಿಡಲು ಹೇಳಿ. ಮಳೆ ಬಿದ್ದ ದಿನ ಹೊರಗಿಟ್ಟ ನೀರು 22 ಡಿಗ್ರಿಗೂ ಇಳಿದಿರುತ್ತದೆ, ನಿಮ್ಮ ಡಿಸ್ಕಸ್ ಇರುವುದು 29ರಲ್ಲಿ. ಸುರಿಯುವ ಮೊದಲು ಕ್ಯಾನಿಗೆ ಬಿಸಿ ಆರ್‌ಒ ನೀರು ಸ್ವಲ್ಪ ಬೆರೆಸಿ ಕೈಯದ್ದಿ ನೋಡಲಿ. ಗೀಸರಿನ ನೀರು ಬೇಡ, ಅದರ ಒಳಗಿನ ಕೊಳವೆ ತಾಮ್ರದ್ದಾಗಿರಬಹುದು. ಸ್ಟೀಲ್ ಪಾತ್ರೆಯಲ್ಲಿ ಒಲೆಯ ಮೇಲೆ ಕಾಯಿಸಿದ್ದಾದರೆ ಸರಿ.